ಚುಕ್ಕಿ, ಎಳೆ ಮತ್ತು ಬೆಂಕಿ

ಉಕ್ಕಿನ ವಿಷಯವಾಗಿ ಮಾತನಾಡಲು ಕನ್ನಡ ಮೇಷ್ಟರಿಗೆ ಏನಧಿಕಾರ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಮೂವತ್ತಕ್ಕೂ ಹೆಚ್ಚು ವರ್ಷ ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿದ ನನಗೂ ಉಕ್ಕಿಗೂ ಇದ್ದ ಪರಿಚಯ ಮನೆಯ ಗೇಟಿನ ಚಿಲಕದ ಮಟ್ಟದ್ದು. ಆ ಗೇಟೇ ನನ್ನನ್ನು ಈ ವಿಷಯಕ್ಕೆ ಎಳೆತಂದಿತು.

ನನ್ನ ಪತ್ನಿ ತೀರಿಕೊಂಡು ಎರಡು ವರ್ಷಗಳಾದವು. ಆಕೆ ಬಿಟ್ಟುಹೋದ ವಸ್ತುಗಳಲ್ಲಿ ಒಂದು ಲೆಕ್ಕದ ಪುಸ್ತಕವಿತ್ತು. ಮೊದಲ ನಾಲ್ಕಾರು ಹಾಳೆಗಳಲ್ಲಿ ಹಾಲಿನ ಲೆಕ್ಕ, ಉಳಿದುದೆಲ್ಲ ರಂಗೋಲಿ. ಪ್ರತಿಯೊಂದು ಚಿತ್ರದ ಪಕ್ಕದಲ್ಲಿ ‘7 ರಿಂದ 1’, ‘11 ರಿಂದ 1’ ಎಂದು ಚುಕ್ಕಿಗಳ ಎಣಿಕೆ. ದಿನವೂ ಬೆಳಿಗ್ಗೆ ಬಾಗಿಲ ಮುಂದೆ ಮೂಡಿ, ಸಂಜೆಯೊಳಗೆ ಕಾಲ್ತುಳಿತಕ್ಕೆ ಅಳಿಸಿಹೋದ ಚಿತ್ರಗಳು ಅವು. ಅವುಗಳಲ್ಲಿ ಒಂದನ್ನಾದರೂ ಅಳಿಯದಂತೆ ಗೇಟಿನಲ್ಲಿ ನಿಲ್ಲಿಸಬೇಕೆಂಬ ಆಸೆ ನನಗೆ ಹುಟ್ಟಿತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರ ಹೊರಗೆ ಮನೆ ಕಟ್ಟಿಕೊಂಡಿದ್ದಾನೆ. ಹಿತ್ತಿಲಿನ ಶೆಡ್ಡಿನಲ್ಲಿ ಸಿಎನ್‌ಸಿ ಪ್ಲಾಸ್ಮಾ ಕಟರ್ ಎಂಬ ಯಂತ್ರವನ್ನು ತಾನೇ ಜೋಡಿಸಿಟ್ಟಿದ್ದಾನೆ. ಮಂಚದಗಲದ ಒಂದು ಮೇಜು. ಅದರ ಮೇಲೆ ಹಳಿಗಳ ಮೇಲೆ ಅತ್ತಿತ್ತ ಸರಿಯುವ ಒಂದು ತೊಲೆ. ತೊಲೆಗೆ ಸಿಕ್ಕಿಸಿದ ಟಾರ್ಚು. ಕೆಳಗೆ ಕಿಡಿಯನ್ನು ನುಂಗಲು ನೀರಿನ ತೊಟ್ಟಿ. ಪಕ್ಕದಲ್ಲಿ ಗಾಳಿಯೊತ್ತುವ ಕಂಪ್ರೆಸರ್ ಮತ್ತು ಒಂದು ಹಳೆಯ ಗಣಕಯಂತ್ರ. ಬಿಡುವಿನ ವೇಳೆಯಲ್ಲಿ ಆತ ಮನೆಯ ಹೆಸರಿನ ಫಲಕ, ದೀಪದ ಜಾಲರಿ, ಗೋಡೆಯ ಅಲಂಕಾರದ ಮರ, ಹಕ್ಕಿಗಳನ್ನು ಉಕ್ಕಿನ ಹಾಳೆಯಲ್ಲಿ ಕತ್ತರಿಸುತ್ತಾನೆ.

ನಾನು ಆರಿಸಿಕೊಂಡು ಹೋದದ್ದು ಎಳೆಯ ರಂಗೋಲಿ. ಚುಕ್ಕಿಗಳನ್ನು ಮುಟ್ಟದೆ, ಅವುಗಳ ಸುತ್ತ ಬಳಸಿ, ಹೊರಟಲ್ಲಿಗೇ ಬಂದು ಸೇರುವ ಒಂದೇ ಎಳೆ. ಆತ ಚಿತ್ರವನ್ನು ಗಣಕಯಂತ್ರಕ್ಕೆ ಏರಿಸಿ, ಎಳೆ ಹೋದ ದಾರಿಯಲ್ಲೇ ಕೊರೆಯುವಂತೆ ಯಂತ್ರಕ್ಕೆ ಅಪ್ಪಣೆ ಕೊಟ್ಟ. ಕಣ್ಣು ಕೋರೈಸುವ ನೀಲಿ ಬೆಳಕು, ಕಿವಿ ಗಡಚಿಕ್ಕುವ ಸದ್ದು. ಟಾರ್ಚು ನಿಷ್ಠೆಯಿಂದ ಓಡಿತು. ಆದರೆ ಒಂದೊಂದು ಸುತ್ತು ಮುಗಿದಂತೆಲ್ಲ ಅದರೊಳಗಿನ ಬಿಲ್ಲೆ ಕಳಚಿ ನೀರಿಗೆ ಬಿತ್ತು. ಕೊನೆಗೆ ನಮ್ಮ ಕೈಗೆ ಸಿಕ್ಕಿದ್ದು ನಡುವೆ ಬಾಯಿ ತೆರೆದ ಒಂದು ಖಾಲಿ ಚೌಕಟ್ಟು. ‘ಸಾರ್, ಎಳೆ ಸುತ್ತಿಕೊಂಡು ಬರುತ್ತೆ ಅನ್ನೋದನ್ನೇ ನಾನು ಯೋಚನೆ ಮಾಡ್ಲಿಲ್ಲ’ ಎಂದು ಆತ ತಲೆ ತಗ್ಗಿಸಿದ. ಯೋಚಿಸದೆ ಹೋದವನು ನಾನೂ. ಸುಮ್ಮನೆ ಮನೆಗೆ ಬಂದೆ.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಹಿಡಿಯಿತು. ಗೆರೆ ಎಳೆಯುವ ಕೆಲಸ ಮನುಷ್ಯನ ಕೈಯಿಂದ ಅಂಕಿಯ ವಶಕ್ಕೆ ಹೋದದ್ದು ಯಾವಾಗ? ಹೋಗುವಾಗ ಅದು ಏನನ್ನು ಹಿಂದೆ ಬಿಟ್ಟುಹೋಯಿತು? ಅದನ್ನು ಹುಡುಕುತ್ತ ಹೋದಾಗ ದೊರೆತ ಚರಿತ್ರೆಯನ್ನು ತಮ್ಮ ಮುಂದಿಡುತ್ತೇನೆ.

ಈ ಕಥೆಯ ಪೂರ್ವಪೀಠಿಕೆ ನೆಯ್ಗೆಯಲ್ಲಿದೆ. ಫ್ರಾನ್ಸಿನ ಲಿಯೋನ್ ನಗರದ ಜಕಾರ್ಡ್ ಎಂಬಾತ 1804ರ ಹೊತ್ತಿಗೆ, ರಟ್ಟಿನಲ್ಲಿ ಕೊರೆದ ತೂತುಗಳೇ ಹಾಸಿನ ಯಾವ ಎಳೆ ಮೇಲೇಳಬೇಕೆಂದು ನಿರ್ಧರಿಸುವ ಮಗ್ಗವನ್ನು ರೂಪಿಸಿದ. ಆತನ ಹೆಸರು ನಮ್ಮ ರೇಷ್ಮೆ ನೇಕಾರರಿಗೂ ಪರಿಚಿತವಾದುದೇ. 1839ರಲ್ಲಿ ಆತನದೇ ಭಾವಚಿತ್ರವನ್ನು ಈ ಬಗೆಯ ಮಗ್ಗದಲ್ಲಿ ರೇಷ್ಮೆಯಲ್ಲಿ ನೆಯ್ದರು. ಅದಕ್ಕೆ 24,000 ರಟ್ಟುಗಳು ಬೇಕಾದವು. ಚಿತ್ರವೊಂದು ತೂತುಗಳ ಲೆಕ್ಕವಾಗಿ ಬದಲಾಗಬಲ್ಲುದು ಎಂಬುದು ಆಗಲೇ ಸಿದ್ಧವಾಗಿತ್ತು. ತಮ್ಮ ಅನ್ನಕ್ಕೆ ಕಲ್ಲು ಬಿದ್ದಿತೆಂದು ಲಿಯೋನಿನ ನೇಕಾರರು ಸಿಟ್ಟಾದದ್ದೂ ಚರಿತ್ರೆಯೇ.

ಆದರೆ ಮಗ್ಗಕ್ಕೆ ಎಳೆ ಮೇಲೋ ಕೆಳಗೋ ಎಂಬ ಎರಡೇ ಮಾತು ಸಾಕು. ಲೋಹವನ್ನು ಬಾಗುವ ಗೆರೆಯಲ್ಲಿ ಕತ್ತರಿಸುವುದಕ್ಕೆ ಬೇರೆಯದೇ ಲೆಕ್ಕ ಬೇಕು. ಅದು ಹುಟ್ಟಿದ್ದು 1940ರ ದಶಕದಲ್ಲಿ, ಅಮೆರಿಕದ ಮಿಷಿಗನ್ ಪ್ರಾಂತದ ಟ್ರಾವರ್ಸ್ ಸಿಟಿಯಲ್ಲಿ. ಅಲ್ಲಿ ಜಾನ್ ಪಾರ್ಸನ್ಸ್ ಎಂಬ ಉದ್ಯಮಿ ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುತ್ತಿದ್ದ. ರೆಕ್ಕೆಯ ಬಾಗನ್ನು ಗುರುತಿಸಲು ನಕ್ಷೆಯಲ್ಲಿ 17 ಬಿಂದುಗಳನ್ನು ಕೊಡುತ್ತಿದ್ದರು. ಬಿಂದುವಿನಿಂದ ಬಿಂದುವಿಗೆ ಗೆರೆ ಕೂಡಿಸುವುದು ಕೆಲಸಗಾರನ ಕಣ್ಣಿಗೆ, ಕೈಗೆ ಬಿಟ್ಟದ್ದು. ಪಾರ್ಸನ್ಸ್ ತನ್ನ ಸಹೋದ್ಯೋಗಿ ಫ್ರಾಂಕ್ ಸ್ಟುಲೆನ್‌ನನ್ನು ಕೇಳಿದ: 17ರ ಬದಲು 200 ಬಿಂದುಗಳಿದ್ದರೆ? ಸ್ಟುಲೆನ್ ತೂತುರಟ್ಟಿನ ಗಣನಯಂತ್ರದಿಂದ ಆ ಲೆಕ್ಕವನ್ನು ಮಾಡಿಸಿಕೊಟ್ಟ. ಬಳಿಕ ನಡೆದದ್ದು ಸ್ವಾರಸ್ಯಕರ. ಒಬ್ಬ ಪಟ್ಟಿಯಿಂದ ಅಂಕಿಗಳನ್ನು ಗಟ್ಟಿಯಾಗಿ ಓದುವನು. ಮತ್ತಿಬ್ಬರು ಯಂತ್ರದ ಎರಡು ದಿಕ್ಕಿನ ಚಕ್ರಗಳನ್ನು ಅಷ್ಟಷ್ಟು ತಿರುಗಿಸುವರು. ಹೀಗೆ ಬಿಂದು ಬಿಂದುವಾಗಿ ಗೆರೆ ಮೂಡಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮನೆಯ ಅಂಗಳ. ಹಬ್ಬದ ಮುನ್ನಾದಿನ ನನ್ನ ಪತ್ನಿ ಜಗಲಿಯ ಮೇಲೆ ಕುಳಿತು ಆ ಲೆಕ್ಕದ ಪುಸ್ತಕದಿಂದ ‘ಮಧ್ಯೆ ಹನ್ನೊಂದು ಇಡು, ಎರಡೂ ಕಡೆ ಒಂದೊಂದು ಇಳಿಸು’ ಎಂದು ಹೇಳುತ್ತಿದ್ದಳು. ಮಗಳು ಕೆಳಗೆ ಬಗ್ಗಿ ಚುಕ್ಕಿ ಇಡುತ್ತಿದ್ದಳು. ಪಾರ್ಸನ್ಸನ ಕಾರ್ಖಾನೆಗೂ ನಮ್ಮ ಅಂಗಳಕ್ಕೂ ಸಂಬಂಧ ಕಲ್ಪಿಸುವ ಹುಚ್ಚು ನನಗಿಲ್ಲ. ಆದರೆ ಅಂಕಿಯನ್ನು ಬಾಯಲ್ಲಿ ದಾಟಿಸಿ ಚಿತ್ರವನ್ನು ಮತ್ತೊಬ್ಬರ ಕೈಯಲ್ಲಿ ಮೂಡಿಸುವುದು ನಮ್ಮ ಹೆಣ್ಣುಮಕ್ಕಳಿಗೆ ಹೊಸ ವಿದ್ಯೆಯಾಗಿರಲಿಲ್ಲ ಎಂಬುದನ್ನು ಮರೆಯಲಾಗದು.

1949ರಲ್ಲಿ ಅಮೆರಿಕದ ವಾಯುಪಡೆ ಪಾರ್ಸನ್ಸನ ಯೋಜನೆಗೆ ಹಣ ಕೊಟ್ಟಿತು. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಯೋಗಶಾಲೆ ಅದರಲ್ಲಿ ಸೇರಿಕೊಂಡು, 1952ರಲ್ಲಿ ತೂತುಪಟ್ಟಿಯ ಅಪ್ಪಣೆಯಂತೆ ತಾನೇ ಚಲಿಸುವ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿತು. ಓದುವವನ ಬಾಯಿ, ತಿರುಗಿಸುವವರ ಕೈ ಎರಡೂ ಇಲ್ಲವಾದವು. 1959ರ ಫೆಬ್ರವರಿಯಲ್ಲಿ ಅದೇ ಸಂಸ್ಥೆ, ಇಂಥ ಯಂತ್ರಗಳಿಗೆ ಅಪ್ಪಣೆ ಬರೆಯುವ ಹೊಸ ಭಾಷೆಯೊಂದನ್ನು ಪತ್ರಕರ್ತರಿಗೆ ಪರಿಚಯಿಸಿತು. ಬಂದವರಿಗೆಲ್ಲ ನೆನಪಿನ ಕಾಣಿಕೆಯಾಗಿ ಕೊಟ್ಟದ್ದು ಆ ಭಾಷೆಯಿಂದ ಕಡೆದ ಅಲ್ಯೂಮಿನಿಯಂ ಬೂದಿತಟ್ಟೆ! ಯುದ್ಧವಿಮಾನಕ್ಕಾಗಿ ಹುಟ್ಟಿದ ವಿದ್ಯೆ ಮೇಜಿನ ಮೇಲಿನ ಚೆಲುವಿಗೆ ಒದಗಿದುದನ್ನು ಕಂಡು ನನಗೆ ಒಂದು ಬಗೆಯ ಸಮಾಧಾನವಾಯಿತು.

ಇನ್ನು ಬೆಂಕಿಯ ಮಾತು. ಅನಿಲವು ಅತಿಯಾಗಿ ಕಾದು, ಅದರ ಕಣಗಳು ವಿದ್ಯುದಂಶಗಳಾಗಿ ಒಡೆದ ಸ್ಥಿತಿಗೆ ‘ಪ್ಲಾಸ್ಮಾ’ ಎಂಬ ಹೆಸರಿಟ್ಟವನು 1928ರಲ್ಲಿ ಅರ್ವಿಂಗ್ ಲ್ಯಾಂಗ್‌ಮ್ಯೂರ್. ವಿದ್ಯುತ್ತಿನ ಕಿಡಿಯನ್ನು ಸೂಜಿಯಷ್ಟು ಸಣ್ಣ ಬಾಯಿಯ ಮೂಲಕ ಹಿಂಡಿ ಕತ್ತಿಯಾಗಿಸುವ ಉಪಾಯಕ್ಕೆ 1957ರಲ್ಲಿ ರಾಬರ್ಟ್ ಗೇಜ್ ಪೇಟೆಂಟ್ ಪಡೆದ. ಅದರ ಶಾಖ ಸುಮಾರು 20,000 ಡಿಗ್ರಿ. ಉಕ್ಕು ಕರಗುತ್ತದೆ, ರಭಸದ ಗಾಳಿ ಕರಗಿದ್ದನ್ನು ಕೆಳಕ್ಕೆ ಊದಿಬಿಡುತ್ತದೆ. ಆರಂಭದಲ್ಲಿ ದೊಡ್ಡ ಕಾರ್ಖಾನೆಗಳಿಗೆ ಮಾತ್ರ ನಿಲುಕುತ್ತಿದ್ದ ಈ ಸಾಧನ 1980ರ ದಶಕದ ನಂತರ ಕೈಯಲ್ಲಿ ಎತ್ತಿ ಒಯ್ಯುವಷ್ಟು ಚಿಕ್ಕದಾಯಿತು. 1990ರ ದಶಕದಲ್ಲಿ ಅಮೆರಿಕದ ಸರಕಾರಿ ಮಾಪನ ಸಂಸ್ಥೆಯೊಂದು ಇಂಥ ಯಂತ್ರಗಳನ್ನು ನಡೆಸುವ ತಂತ್ರಾಂಶವನ್ನು ಬರೆಸಿ ಎಲ್ಲರ ಸ್ವತ್ತಾಗಿ ಬಿಟ್ಟುಕೊಟ್ಟಿತು. ಹವ್ಯಾಸಿಗಳು ಅದನ್ನು ಬೆಳೆಸಿದರು. ನನ್ನ ವಿದ್ಯಾರ್ಥಿಯ ಹಳೆಯ ಗಣಕಯಂತ್ರದಲ್ಲಿರುವುದು ಅದರ ಸಂತತಿಯೇ.

ಯಂತ್ರ ಮನೆಗೆ ಬಂದಿತು; ಕಲೆಯೂ ಬಂದಿತೆ? ಇದೇ ನಿಜವಾದ ಪ್ರಶ್ನೆ. ಇಂದು ಸಿದ್ಧ ಚಿತ್ರಗಳು ಹಣಕ್ಕೂ ಸಿಗುತ್ತವೆ, ಬಿಟ್ಟಿಯಾಗಿಯೂ ಸಿಗುತ್ತವೆ. ಆದುದರಿಂದ ಎಲ್ಲ ಗೇಟುಗಳಲ್ಲಿಯೂ ಅದೇ ಜಿಂಕೆ, ಅದೇ ಮರ, ಅದೇ ಹಾರುವ ಹಕ್ಕಿ. ನಮ್ಮ ಬೀದಿಯ ಕೊನೆಯಲ್ಲಿ ಉಳಿ ಸುತ್ತಿಗೆಗಳಿಂದ ಕಿಟಕಿಯ ಹೂಬಳ್ಳಿ ಕೊರೆಯುತ್ತಿದ್ದ ಮುದುಕನೊಬ್ಬನಿದ್ದ. ಆತನ ಬಳ್ಳಿಗಳಲ್ಲಿ ಎರಡು ಒಂದೇ ತೆರನಾಗಿರುತ್ತಿರಲಿಲ್ಲ. ಆತನನ್ನು ಈಗ ಯಾರೂ ಕೇಳುವುದಿಲ್ಲ.

ಇಲ್ಲಿ ಇನ್ನೊಂದು ದೇಶದ ಕಥೆಯನ್ನು ಹೇಳಬೇಕು. ಯಂತ್ರ ತಾನೇ ಚಲಿಸಲು ಕಲಿತ ಮರುವರ್ಷ, ಅಂದರೆ 1953ರಲ್ಲಿ, ಕೆರಿಬಿಯನ್ ಸಮುದ್ರದ ಹೈಟಿಯಲ್ಲಿ ಜಾರ್ಜ್ ಲಿಯೋಟೋ ಎಂಬ ಕಮ್ಮಾರ ಕಲಾಪ್ರೇಮಿಯೊಬ್ಬರ ಕಣ್ಣಿಗೆ ಬಿದ್ದ. ಕ್ರುವಾ ದೆ ಬುಕೆ ಎಂಬ ಊರಿನಲ್ಲಿ ಗೋರಿಗಳ ಮೇಲೆ ನೆಡುವ ಕಬ್ಬಿಣದ ಶಿಲುಬೆಗಳನ್ನು ಮಾಡುತ್ತಿದ್ದವನು ಆತ. ಆತನಿಂದ ಅಲ್ಲೊಂದು ಪರಂಪರೆಯೇ ಬೆಳೆಯಿತು. ಬಳಸಿ ಎಸೆದ ಎಣ್ಣೆಯ ಪೀಪಾಯಿಯೊಳಗೆ ಒಣಗಿದ ಎಲೆಗಳನ್ನು ತುಂಬಿ ಸುಡುತ್ತಾರೆ. ಸೀಳಿ, ತುಳಿದು, ಬಡಿದು ಚಪ್ಪಟೆ ಮಾಡುತ್ತಾರೆ. ಸೀಮೆಸುಣ್ಣದಿಂದ ಚಿತ್ರ ಬರೆದು ಉಳಿಯಿಂದ ಕತ್ತರಿಸುತ್ತಾರೆ. ಮತ್ಸ್ಯಕನ್ಯೆ, ಹಕ್ಕಿ, ಮರ ಎಲ್ಲವೂ ಒಂದೇ ಹಾಳೆಯಲ್ಲಿ, ಒಂದರ ರೆಕ್ಕೆ ಇನ್ನೊಂದರ ಕೊಂಬೆಗೆ ತಗುಲಿಕೊಂಡು ನಿಂತಿರುತ್ತವೆ. ಅಲ್ಲಿಯ ಕಮ್ಮಾರ ಉಳಿ ಹಿಡಿಯುವ ಮೊದಲೇ ಯಾವುದು ಬೀಳಬೇಕು, ಯಾವುದು ಯಾವುದನ್ನು ಹಿಡಿದುಕೊಳ್ಳಬೇಕು ಎಂಬುದನ್ನು ನಿಶ್ಚಯಿಸಿರುತ್ತಾನೆ.

ನನ್ನ ಪ್ರಶ್ನೆಗೆ ಉತ್ತರ ಅಲ್ಲಿ ದೊರೆಯಿತು. ಗೆರೆ ಕೈಯಿಂದ ಅಂಕಿಗೆ ಹೋಗುವಾಗ ಹಿಂದೆ ಬಿಟ್ಟುಹೋದದ್ದು ಈ ನಿಶ್ಚಯವನ್ನು. ಬೆಂಕಿ ತಿನ್ನುವ ಒಂದೆರಡು ಮಿಲಿಮೀಟರಿನ ಅಗಲವನ್ನು ಯಂತ್ರ ಲೆಕ್ಕ ಹಾಕಿ ಗೆರೆಯಿಂದ ಅಷ್ಟು ಪಕ್ಕಕ್ಕೆ ಸರಿಯಬಲ್ಲುದು. ಆದರೆ ಬೀಳುವುದು ಯಾವುದು, ಉಳಿಯುವುದು ಯಾವುದು ಎಂದು ಅದು ಚಿಂತಿಸದು. ಕನ್ನಡದ ಅನುಸ್ವಾರವನ್ನು ಉಕ್ಕಿನಲ್ಲಿ ಕೊರೆದರೆ ಅದರ ನಡುವಿನ ಬಿಲ್ಲೆ ಬಿದ್ದುಹೋಗುತ್ತದೆ. ಬೀಳದಂತೆ ಎಲ್ಲಿ ಒಂದು ಸಣ್ಣ ಕೊಂಡಿ ಬಿಡಬೇಕೆಂಬುದನ್ನು ಅಕ್ಷರ ಬಲ್ಲವನೇ ಹೇಳಬೇಕು.

ತಿಂಗಳ ಬಳಿಕ ಮತ್ತೆ ಆ ಶೆಡ್ಡಿಗೆ ಹೋದೆ. ಈ ಸಲ ನಾವಿಬ್ಬರೂ ಕಾಗದ ಕತ್ತರಿ ಹಿಡಿದು ಕುಳಿತೆವು. ಎಳೆಯನ್ನು ಕೊರೆಯುವ ಬದಲು ಎಳೆಯನ್ನೇ ಉಳಿಸಿ, ಸುತ್ತಲಿನದನ್ನು ಬೀಳಿಸಬೇಕು ಎಂದು ತೀರ್ಮಾನವಾಯಿತು. ಎಳೆ ಒಂದೇ ಆದುದರಿಂದ ಎಲ್ಲಿಯೂ ಕಳಚಿಕೊಳ್ಳಲಿಲ್ಲ. ಬೆರಳಗಲದ ಉಕ್ಕಿನ ಬಳ್ಳಿಯಾಗಿ ಇಡೀ ಚಿತ್ರ ಮೇಲೆದ್ದು ಬಂತು. ಆತ ಅಂಚಿಗೆ ಅಂಟಿದ ಕಿಟ್ಟವನ್ನು ಉಜ್ಜಿ ತೆಗೆದ. ಆದರೆ ಚುಕ್ಕಿಗಳು ಮಾತ್ರ ಉಳಿಯಲಿಲ್ಲ. ಎಳೆಯನ್ನು ಮುಟ್ಟದ ಚುಕ್ಕಿಗೆ ಉಕ್ಕಿನಲ್ಲಿ ಆಧಾರವೆಲ್ಲಿ? ‘ಕೊಂಡಿ ಕೊಟ್ಟು ನಿಲ್ಲಿಸಲಾ ಸಾರ್?’ ಎಂದು ಕೇಳಿದ. ಬೇಡವೆಂದೆ. ಎಳೆ ಚುಕ್ಕಿಯನ್ನು ಮುಟ್ಟಕೂಡದು ಎಂಬುದು ಆ ರಂಗೋಲಿಯ ನಿಯಮ. ಅದನ್ನು ಮುರಿಯಲು ನಾನು ಯಾರು?

ಈಗ ಆ ಚಿತ್ರ ನಮ್ಮ ಗೇಟಿನಲ್ಲಿದೆ. ಮನೆ ಪೂರ್ವಕ್ಕೆ ಮುಖ ಮಾಡಿದ್ದು. ಬೆಳಗಿನ ಬಿಸಿಲಿನಲ್ಲಿ ಎಳೆಯ ನೆರಳು ಅಂಗಳದ ಮೇಲೆ ಬೀಳುತ್ತದೆ. ಹೊತ್ತೇರಿದಂತೆ ಕುಗ್ಗಿ ಇಲ್ಲವಾಗುತ್ತದೆ. ಅಳಿಯದಂತೆ ನಿಲ್ಲಿಸಬೇಕೆಂದು ನಾನು ಹಟ ಹಿಡಿದದ್ದು ದಿನವೂ ತಾನಾಗಿ ಅಳಿಸಿಕೊಳ್ಳುತ್ತಿದೆ. ರಜಕ್ಕೆ ಬಂದ ಮೊಮ್ಮಗಳು ‘ಚುಕ್ಕಿ ಎಲ್ಲಿ ತಾತ?’ ಎಂದಳು. ಲೆಕ್ಕದ ಪುಸ್ತಕವನ್ನು ತೆಗೆದು ಅವಳ ಕೈಗೆ ಕೊಟ್ಟು, ನಾನು ಜಗಲಿಯ ಮೇಲೆ ಕುಳಿತೆ. ಆಕೆ ಅಂಕಿಗಳನ್ನು ತಾನೇ ಓದಿಕೊಂಡು, ನೆರಳಿನ ಸುತ್ತುಗಳ ನಡುವೆ ಒಂದೊಂದಾಗಿ ರಂಗೋಲಿಯ ಪುಡಿ ಇಡತೊಡಗಿದಳು.