ಸ್ತ್ರೀಯರ ಬೈಸಿಕಲ್ಲು: ಉಡುಪು, ದೇಹ ಮತ್ತು ವಿನ್ಯಾಸ

ಬೈಸಿಕಲ್ ಮಾರುವ ಅಂಗಡಿಗಳಲ್ಲಿ ಎರಡು ಬಗೆಯ ವಾಹನಗಳು ಬಹುಕಾಲದಿಂದ ಅಕ್ಕಪಕ್ಕದಲ್ಲಿ ನಿಂತಿವೆ. ಸೀಟಿನ ಕೆಳಗಿನಿಂದ ಹ್ಯಾಂಡಲ್ಲಿನವರೆಗೆ ನೇರವಾದ ಅಡ್ಡಕಂಬಿಯುಳ್ಳದ್ದು ಗಂಡಸರ ಸೈಕಲ್ಲೆಂದೂ ಆ ಕಂಬಿ ತಗ್ಗಿ ಬಾಗಿರುವುದು ಹೆಂಗಸರ ಸೈಕಲ್ಲೆಂದೂ ಕರೆಯಲಾಗುತ್ತದೆ. ಸ್ತ್ರೀಪುರುಷರ ಶರೀರರಚನೆಯ ವ್ಯತ್ಯಾಸವೇ ಈ ವಿಂಗಡಣೆಗೆ ಆಧಾರವೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಸ್ತ್ರೀಯರಿಗೆ ಬೇರೆ ವಿನ್ಯಾಸದ ಬೈಸಿಕಲ್ ಅಗತ್ಯವೇ ಎಂಬ ಪ್ರಶ್ನೆಗೆ ಉತ್ತರ ಹೇಳುವ ಮೊದಲು, ಈ ಬೇರೆ ವಿನ್ಯಾಸ ಯಾವ ಕಾಲದಲ್ಲಿ, ಯಾವ ಕಾರಣಕ್ಕಾಗಿ ರೂಪುಗೊಂಡಿತೆಂಬುದನ್ನು ತಿಳಿಯುವುದು ಅವಶ್ಯಕ. ಹಾಗೆ ಪರಿಶೀಲಿಸಿದಾಗ, ಬಾಗಿದ ಕಂಬಿಯ ಚರಿತ್ರೆಯಲ್ಲಿ ಸ್ತ್ರೀದೇಹಕ್ಕಿಂತ ಸ್ತ್ರೀಯರ ಉಡುಪೇ ಪ್ರಧಾನ ಪಾತ್ರ ವಹಿಸಿರುವುದು ಕಂಡುಬರುತ್ತದೆ.

ಆರಂಭದ ರೂಪಗಳು

ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಫಾನ್ ಡ್ರೈಸ್ 1817ರಲ್ಲಿ ಎರಡು ಗಾಲಿಗಳ ಮರದ ವಾಹನವೊಂದನ್ನು ಬಳಕೆಗೆ ತಂದನು. ಇದಕ್ಕೆ ಪೆಡಲ್ ಇರಲಿಲ್ಲ. ಸವಾರನು ಕಾಲುಗಳಿಂದ ನೆಲವನ್ನು ಒದೆಯುತ್ತ ಮುಂದಕ್ಕೆ ಸಾಗಬೇಕಿತ್ತು. ಲಂಡನ್ನಿನ ಗಾಡಿ ತಯಾರಕ ಡೆನಿಸ್ ಜಾನ್ಸನ್ ಇದನ್ನು ಸುಧಾರಿಸಿದನಲ್ಲದೆ 1819ರಲ್ಲಿ ಸ್ತ್ರೀಯರಿಗಾಗಿ ಪ್ರತ್ಯೇಕ ಮಾದರಿಯೊಂದನ್ನೂ ಸಿದ್ಧಪಡಿಸಿದನು. ಅದರ ನಡುವಿನ ದಂಡವನ್ನು ತಗ್ಗಿಸಿ ಬಾಗಿಸಲಾಗಿತ್ತು. ನೆಲಮುಟ್ಟುವ ಲಂಗ ಧರಿಸಿದವರೂ ನಿಂತು ನಡೆಸಲು ಅನುಕೂಲವಾಗಲೆಂಬುದೇ ಇದರ ಉದ್ದೇಶವಾಗಿತ್ತು. ಪೆಡಲ್, ಚೈನು, ರಬ್ಬರ್ ಟೈರುಗಳು ಬರುವುದಕ್ಕೆ ದಶಕಗಳ ಮುಂಚೆಯೇ ಸ್ತ್ರೀಯರ ವಾಹನದ ಲಕ್ಷಣ ಹೀಗೆ ನಿರ್ಧಾರವಾಗಿತ್ತೆಂಬುದು ಗಮನಾರ್ಹ.

1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂಗಾಲಿಗೆ ಪೆಡಲ್ ಜೋಡಿಸಿದ ವಾಹನ ಜನಪ್ರಿಯವಾಯಿತು. 1868ರ ನವೆಂಬರಿನಲ್ಲಿ ಫ್ರಾನ್ಸಿನ ಬೋರ್ಡೋ ನಗರದಲ್ಲಿ ಸ್ತ್ರೀಯರ ಸ್ಪರ್ಧೆ ನಡೆಯಿತು. ಮರುವರ್ಷ ಪ್ಯಾರಿಸ್ಸಿನಿಂದ ರೂಆನ್‌ವರೆಗೆ ನಡೆದ ದೂರದ ಸ್ಪರ್ಧೆಯಲ್ಲಿ ಪುರುಷರ ಜೊತೆಯಲ್ಲಿ ಸ್ತ್ರೀಯರೂ ಭಾಗವಹಿಸಿದರು. ಅನಂತರದ ದಶಕದಲ್ಲಿ ಬಂದ ಎತ್ತರದ ಮುಂಗಾಲಿಯ ಬೈಸಿಕಲ್ಲು ಈ ಬೆಳವಣಿಗೆಗೆ ತಡೆಯೊಡ್ಡಿತು. ಅದರ ಮೇಲೇರಿ ಕುಳಿತು ಲಂಗವನ್ನು ನಿಭಾಯಿಸುವುದು ಅಸಾಧ್ಯವಾಗಿತ್ತು. ಇಂಗ್ಲೆಂಡಿನ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಮತ್ತು ವಿಲಿಯಂ ಹಿಲ್‌ಮನ್ 1874ರಲ್ಲಿ, ಕುದುರೆಯ ಮೇಲೆ ಸ್ತ್ರೀಯರು ಕೂರುತ್ತಿದ್ದಂತೆ ಎರಡೂ ಕಾಲುಗಳನ್ನು ಒಂದೇ ಪಕ್ಕಕ್ಕೆ ಇಟ್ಟು ತುಳಿಯುವ ಎತ್ತರದ ಬೈಸಿಕಲ್ಲೊಂದನ್ನು ರೂಪಿಸಿದರು. ಸಮತೋಲ ಸಾಧಿಸುವುದು ಕಷ್ಟವಾದ್ದರಿಂದ ಅದು ಬಳಕೆಯಲ್ಲಿ ನಿಲ್ಲಲಿಲ್ಲ. ಉಳ್ಳವರ ಮನೆಯ ಸ್ತ್ರೀಯರು ಮೂರು ಗಾಲಿಯ ಸೈಕಲ್ಲಿನತ್ತ ತಿರುಗಿದರು. 1881ರಲ್ಲಿ ವಿಕ್ಟೋರಿಯಾ ರಾಣಿಯೇ ಅಂಥ ವಾಹನಗಳನ್ನು ತರಿಸಿಕೊಂಡದ್ದು ಅದಕ್ಕೆ ಗೌರವದ ಸ್ಥಾನವನ್ನು ತಂದುಕೊಟ್ಟಿತು.

ಬಾಗಿದ ಕಂಬಿ ಮತ್ತು ಅದರ ಬೆಲೆ

1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತಯಾರಿಸಿದ 'ರೋವರ್' ಬೈಸಿಕಲ್ಲು ಇಂದಿನ ಬೈಸಿಕಲ್ಲಿನ ಮೂಲರೂಪ. ಹೆಚ್ಚುಕಡಿಮೆ ಸಮಾನ ಗಾತ್ರದ ಎರಡು ಗಾಲಿಗಳು, ಹಿಂಗಾಲಿಯನ್ನು ತಿರುಗಿಸುವ ಚೈನು, ತಗ್ಗಾದ ಸೀಟು ಇದರ ವೈಶಿಷ್ಟ್ಯಗಳು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದ ಮೇಲೆ ಸವಾರಿಯ ಕುಲುಕಾಟವೂ ಕಡಿಮೆಯಾಯಿತು. ಈ ಹೊಸ ವಾಹನ ಸ್ತ್ರೀಯರಿಗೂ ಪುರುಷರಿಗೂ ಸಮಾನವಾಗಿ ಒದಗಬಹುದಾಗಿತ್ತು. ಆದರೆ 1880ರ ದಶಕ ಮುಗಿಯುವುದರೊಳಗಾಗಿ ಇಂಗ್ಲೆಂಡ್ ಮತ್ತು ಅಮೆರಿಕಗಳ ತಯಾರಕರು ಕಂಬಿಯನ್ನು ತಗ್ಗಿಸಿದ 'ಲೇಡೀಸ್' ಮಾದರಿಗಳನ್ನು ಮಾರುಕಟ್ಟೆಗೆ ತಂದರು. ಲಂಗದ ಅಂಚು ಸಿಕ್ಕಿಕೊಳ್ಳದಂತೆ ಚೈನಿಗೆ ಪೂರ್ಣ ಹೊದಿಕೆ, ಹಿಂಗಾಲಿಯ ಕಡ್ಡಿಗಳಿಗೆ ದಾರದ ಬಲೆ, ಅಗಲವಾದ ಮಡ್‌ಗಾರ್ಡ್ ಮೊದಲಾದ ಅಂಗಗಳು ಸೇರಿಕೊಂಡವು.

ಇದರ ಯಾಂತ್ರಿಕ ಪರಿಣಾಮವನ್ನು ಇಲ್ಲಿ ವಿವರಿಸುವುದು ಅಗತ್ಯ. ಗಂಡಸರ ಬೈಸಿಕಲ್ಲಿನ ಚೌಕಟ್ಟಿನಲ್ಲಿ ಮೇಲಿನ ಕಂಬಿ, ಕೆಳಗಿನ ಓರೆಕಂಬಿ ಮತ್ತು ಸೀಟಿನ ಕಂಬಿಗಳು ಕೂಡಿ ಹೆಚ್ಚುಕಡಿಮೆ ತ್ರಿಕೋಣವೊಂದನ್ನು ರಚಿಸುತ್ತವೆ. ತ್ರಿಕೋಣ ಅಲುಗಾಡದ ಆಕೃತಿಯಾದ್ದರಿಂದ ತೆಳುವಾದ ಕೊಳವೆಗಳಿಂದಲೇ ದೃಢವಾದ ಚೌಕಟ್ಟು ಸಾಧ್ಯವಾಗುತ್ತದೆ. ಮೇಲಿನ ಕಂಬಿಯನ್ನು ತಗ್ಗಿಸಿದಾಗ ಈ ಆಕೃತಿ ಸಡಿಲಗೊಂಡು ಪೆಡಲ್ ತುಳಿಯುವಾಗ ಚೌಕಟ್ಟು ತಿರುಚಿಕೊಳ್ಳುವ ಸಂಭವ ಹೆಚ್ಚುತ್ತದೆ. ಅದನ್ನು ತಡೆಯಲು ಅಂದಿನ ಉಕ್ಕಿನ ಚೌಕಟ್ಟಿಗೆ ದಪ್ಪನೆಯ ಕೊಳವೆಗಳನ್ನು ಬಳಸಬೇಕಾಗಿತ್ತು. ಇದರ ಮೇಲೆ ಚೈನಿನ ಹೊದಿಕೆ, ಬಲೆಗಳ ಭಾರವೂ ಸೇರುತ್ತಿತ್ತು. ಹೀಗಾಗಿ ಪುರುಷರಿಗಿಂತ ಬಲ ಕಡಿಮೆಯೆಂದು ಯಾರನ್ನು ಭಾವಿಸಲಾಗಿತ್ತೋ ಅವರಿಗೇ ಹೆಚ್ಚು ಭಾರದ ವಾಹನ ದೊರೆಯಿತು.

ಈ ಮಾತಿಗೆ ಆನಿ ಲಂಡನ್‌ಡೆರಿ ಎಂಬ ಹೆಸರಿನಿಂದ ಪ್ರಸಿದ್ಧಳಾದ ಆನಿ ಕೊಹೆನ್ ಕೊಪ್ಚೊವ್‌ಸ್ಕಿಯ ಉದಾಹರಣೆಯನ್ನು ನೋಡಬಹುದು. ಮೂರು ಮಕ್ಕಳ ತಾಯಿಯಾದ ಆಕೆ 1894ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಬೈಸಿಕಲ್ಲಿನೊಡನೆ ಪ್ರಪಂಚ ಪರ್ಯಟನೆಗೆ ಹೊರಟಳು. ಆಗ ಆಕೆ ಏರಿದ್ದು 42 ಪೌಂಡ್, ಅಂದರೆ ಸುಮಾರು 19 ಕಿಲೋ ಭಾರದ ಸ್ತ್ರೀಯರ ಬೈಸಿಕಲ್ಲು. ತೊಟ್ಟಿದ್ದು ಉದ್ದನೆಯ ಲಂಗ. ಷಿಕಾಗೋ ತಲುಪಿದ ಮೇಲೆ ಆಕೆ ಅದನ್ನು ಬಿಟ್ಟು, ಅದರ ಅರ್ಧದಷ್ಟೇ ತೂಗುವ ಪುರುಷರ ಬೈಸಿಕಲ್ಲನ್ನು ಆರಿಸಿಕೊಂಡಳು. ಲಂಗದ ಬದಲಿಗೆ ಸಡಿಲವಾದ ಷರಾಯಿಯನ್ನೂ ಧರಿಸಿದಳು. ಉಡುಪು ಬದಲಾದೊಡನೆ ಬಾಗಿದ ಕಂಬಿಯ ಅಗತ್ಯ ಇಲ್ಲವಾದದ್ದನ್ನು ಈ ಪ್ರಸಂಗ ಸ್ಪಷ್ಟಪಡಿಸುತ್ತದೆ.

ಉಡುಪಿನ ವಿವಾದ

ವಾಹನವನ್ನು ಉಡುಪಿಗೆ ಹೊಂದಿಸಬೇಕೋ, ಉಡುಪನ್ನು ವಾಹನಕ್ಕೆ ಹೊಂದಿಸಬೇಕೋ ಎಂಬುದು ಆ ಕಾಲದ ಸಾಮಾಜಿಕ ಚರ್ಚೆಯಾಗಿತ್ತು. 1851ರಲ್ಲಿಯೇ ಅಮೆರಿಕದ ಅಮೇಲಿಯಾ ಬ್ಲೂಮರ್ ತನ್ನ ಪತ್ರಿಕೆಯ ಮೂಲಕ ಸಡಿಲ ಷರಾಯಿಯನ್ನು ಪ್ರಚಾರ ಮಾಡಿದ್ದಳು. ಆ ಉಡುಪಿಗೆ ಆಕೆಯ ಹೆಸರೇ ನಿಂತಿತು. ಲಂಡನ್ನಿನಲ್ಲಿ 1881ರಲ್ಲಿ ಉಡುಪು ಸುಧಾರಣೆಯ ಸಂಘವೊಂದು ಸ್ಥಾಪನೆಯಾಯಿತು. ಅದರ ನಾಯಕಿಯಾಗಿದ್ದ ಲೇಡಿ ಹಾರ್ಬರ್ಟನ್ ಇಂಥ ಷರಾಯಿ ಧರಿಸಿ ಬೈಸಿಕಲ್ ಸವಾರಿ ಮಾಡುತ್ತಿದ್ದಳು. 1898ರಲ್ಲಿ ಸರ್ರೆ ಪ್ರಾಂತದ ಆಕಮ್ ಎಂಬಲ್ಲಿಯ ಹೋಟೆಲೊಂದು ಆ ಉಡುಪಿನ ಕಾರಣದಿಂದ ಆಕೆಗೆ ತನ್ನ ಕಾಫಿ ಕೋಣೆಯಲ್ಲಿ ಪ್ರವೇಶ ನಿರಾಕರಿಸಿ, ಮದ್ಯ ಮಾರುವ ಭಾಗದ ಕೋಣೆಗೆ ಹೋಗುವಂತೆ ಸೂಚಿಸಿತು. ಬೈಸಿಕಲ್ ಪ್ರವಾಸಿಗರ ಸಂಘವು ಹೂಡಿದ ಮೊಕದ್ದಮೆ 1899ರಲ್ಲಿ ಹೋಟೆಲಿನ ಪರವಾಗಿ ತೀರ್ಮಾನವಾಯಿತು. ನ್ಯಾಯಾಲಯವೇ ನೆರವಿಗೆ ಬಾರದಿದ್ದಾಗ ಸಾಮಾನ್ಯ ಸ್ತ್ರೀಯರು ಲಂಗವನ್ನು ಬಿಡದೆ ಭಾರವಾದ ಬೈಸಿಕಲ್ಲನ್ನೇ ಒಪ್ಪಿಕೊಂಡದ್ದು ಸಹಜ.

ಹಾಗೆಂದು ಬಾಗಿದ ಕಂಬಿಯಿಂದ ಉಪಕಾರವೇ ಆಗಲಿಲ್ಲವೆನ್ನಲಾಗದು. ಉಡುಪನ್ನು ಬದಲಿಸುವ ಧೈರ್ಯವೋ ಸ್ವಾತಂತ್ರ್ಯವೋ ಇಲ್ಲದ ಅಸಂಖ್ಯಾತ ಸ್ತ್ರೀಯರು ಮನೆಯಿಂದ ಹೊರಬೀಳಲು ಆ ಮಾದರಿ ದಾರಿ ಮಾಡಿಕೊಟ್ಟಿತು. ಮದ್ಯಪಾನ ವಿರೋಧಿ ಚಳವಳಿಯ ನಾಯಕಿ ಫ್ರಾನ್ಸಿಸ್ ವಿಲಾರ್ಡ್ ತನ್ನ 53ನೆಯ ವಯಸ್ಸಿನಲ್ಲಿ ಬೈಸಿಕಲ್ ಕಲಿತು, ಆ ಅನುಭವವನ್ನು 1895ರಲ್ಲಿ ಪುಸ್ತಕವಾಗಿ ಪ್ರಕಟಿಸಿದಳು. ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದ ಸೂಸನ್ ಬಿ. ಆಂಟನಿ, ಸ್ತ್ರೀಯರ ಬಿಡುಗಡೆಗೆ ಬೈಸಿಕಲ್ಲಿನಷ್ಟು ನೆರವಾದುದು ಬೇರೊಂದಿಲ್ಲವೆಂಬ ಅಭಿಪ್ರಾಯವನ್ನು 1896ರಲ್ಲಿ ವ್ಯಕ್ತಪಡಿಸಿದಳು.

ಸೀಟಿನ ಪ್ರಶ್ನೆ

ಉಡುಪಿನ ವಿಷಯ ಹೀಗಿದ್ದರೆ, ನಿಜವಾಗಿ ದೇಹಕ್ಕೆ ಸಂಬಂಧಿಸಿದ ಸಮಸ್ಯೆಯಿದ್ದದ್ದು ಸೀಟಿನಲ್ಲಿ. ಕುಳಿತಾಗ ದೇಹದ ಭಾರವನ್ನು ಹೊರುವ ಸೊಂಟದ ಕೆಳಭಾಗದ ಎರಡು ಮೂಳೆತುದಿಗಳ ನಡುವಣ ಅಂತರ ಸರಾಸರಿಯಲ್ಲಿ ಸ್ತ್ರೀಯರಲ್ಲಿ ಹೆಚ್ಚು. ಕಿರಿದಾದ ಸೀಟಿನ ಮೇಲೆ ಆ ಮೂಳೆಗಳಿಗೆ ಆಸರೆ ಸಿಗದೆ ಮೃದುವಾದ ಅಂಗಭಾಗಗಳ ಮೇಲೆ ಒತ್ತಡ ಬೀಳುತ್ತದೆ. 1890ರ ದಶಕದ ವೈದ್ಯರು ಈ ವಿಚಾರವನ್ನು ಚರ್ಚಿಸಿದರಾದರೂ ಆ ಚರ್ಚೆ ಬಹುಮಟ್ಟಿಗೆ ಶೀಲದ ಚಿಂತೆಯಾಗಿ ಮಾರ್ಪಟ್ಟಿತು. ಸೀಟಿನ ಸ್ಪರ್ಶದಿಂದ ಸ್ತ್ರೀಯರ ನಡತೆ ಕೆಡಬಹುದೆಂಬ ಆತಂಕವನ್ನು ಕೆಲವರು ವ್ಯಕ್ತಪಡಿಸಿದರು. ಮುಂದಕ್ಕೆ ಬಾಗದೆ ನೆಟ್ಟಗೆ ಕುಳಿತು ಸವಾರಿ ಮಾಡಬೇಕೆಂಬ ಉಪದೇಶಕ್ಕೂ ಇದೇ ಹಿನ್ನೆಲೆಯಿತ್ತು. ನಡುವೆ ಟೊಳ್ಳಿರುವ, ಮೂಳೆಗಳಿಗೆ ಮಾತ್ರ ಆಸರೆ ಕೊಡುವ 'ಆರೋಗ್ಯಕರ' ಸೀಟುಗಳು ಆ ಕಾಲದಲ್ಲಿಯೇ ಮಾರಾಟಕ್ಕೆ ಬಂದಿದ್ದವು. ಸವಾರಳಿಗೆ ನೋವಾಗುತ್ತದೆಯೇ ಎಂಬ ಸರಳ ಪ್ರಶ್ನೆಗಿಂತ ನೋಡುವವರಿಗೆ ಏನೆನಿಸುತ್ತದೆ ಎಂಬುದೇ ಮುಖ್ಯವಾದ ಸಂದರ್ಭದಲ್ಲಿ, ಉಪಯುಕ್ತವಾದ ಸುಧಾರಣೆಯೂ ಶೀಲರಕ್ಷಣೆಯ ಹೆಸರಿನಲ್ಲಿಯೇ ಬರಬೇಕಾಯಿತು.

ಭಾರತದ ಅನುಭವ

ಭಾರತಕ್ಕೆ ಬೈಸಿಕಲ್ಲು ಬಂದದ್ದು ಇಂಗ್ಲೆಂಡಿನಿಂದ. ಅದರೊಡನೆ ಈ ಎರಡು ಮಾದರಿಗಳೂ ಬಂದವು. ಸ್ವಾತಂತ್ರ್ಯಾನಂತರ ಮದರಾಸಿನ ಟಿ.ಐ. ಸೈಕಲ್ಸ್, ಸೋನಿಪತ್ತಿನ ಅಟ್ಲಾಸ್, ಲೂಧಿಯಾನದ ಹೀರೋ ಮೊದಲಾದ ಕಾರ್ಖಾನೆಗಳು ದೇಶೀಯವಾಗಿ ಬೈಸಿಕಲ್ಲುಗಳನ್ನು ತಯಾರಿಸತೊಡಗಿದವು. ಸೀರೆ, ಲಂಗಗಳಿಗೆ ಬಾಗಿದ ಕಂಬಿ ಇಲ್ಲಿಯೂ ಅನುಕೂಲವೇ ಆಗಿತ್ತು. ಆದರೆ ಬೈಸಿಕಲ್ಲೊಂದನ್ನು ಕೊಳ್ಳುವುದೇ ದೊಡ್ಡ ವೆಚ್ಚವಾಗಿದ್ದ ಬಹುಪಾಲು ಮನೆಗಳಲ್ಲಿ ಇದ್ದದ್ದು ಗಂಡಸರ ಬೈಸಿಕಲ್ಲು ಮಾತ್ರ. ಸೀಟನ್ನು ಏರಲಾಗದ ಮಕ್ಕಳು ಅಡ್ಡಕಂಬಿಯ ಕೆಳಗಿನಿಂದ ಕಾಲು ತೂರಿಸಿ 'ಒಳಪೆಡಲ್' ತುಳಿದು ಕಲಿಯುತ್ತಿದ್ದ ಕ್ರಮ ಕನ್ನಡನಾಡಿನ ಹಳ್ಳಿಗಳಿಗೆ ಪರಿಚಿತವಾದದ್ದೇ. ಒಂದು ಗಾತ್ರದ ವಾಹನಕ್ಕೆ ಮನೆಮಂದಿಯೆಲ್ಲ ತಮ್ಮ ದೇಹವನ್ನು ಹೊಂದಿಸಿಕೊಳ್ಳಬೇಕಾದ ಸ್ಥಿತಿಗೆ ಇದು ಸಾಕ್ಷಿ.

ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ನಡೆದ ಘಟನಾವಳಿ ಈ ದೃಷ್ಟಿಯಿಂದ ವಿಶೇಷ ಅಧ್ಯಯನಕ್ಕೆ ಯೋಗ್ಯ. 'ಅರಿವೊಳಿ ಇಯಕ್ಕಂ' ಎಂಬ ಸಾಕ್ಷರತಾ ಆಂದೋಲನದ ಅಂಗವಾಗಿ, ಅಂದಿನ ಜಿಲ್ಲಾಧಿಕಾರಿ ಶೀಲಾರಾಣಿ ಚುಂಕತ್ ಅವರ ಪ್ರೋತ್ಸಾಹದಿಂದ, ಗ್ರಾಮೀಣ ಸ್ತ್ರೀಯರು ಸಾಮೂಹಿಕವಾಗಿ ಬೈಸಿಕಲ್ ಕಲಿತರು. ಕೃಷಿ ಕೂಲಿಯವರು, ಕಲ್ಲುಕ್ವಾರಿಯ ಕೆಲಸದವರು, ಅಂಗನವಾಡಿ ಕಾರ್ಯಕರ್ತೆಯರು, ಆರೋಗ್ಯ ಸಹಾಯಕಿಯರು ಇವರಲ್ಲಿದ್ದರು. ಕಲಿತವರ ಸಂಖ್ಯೆ ಲಕ್ಷವನ್ನು ಮೀರಿತೆಂದು ಪತ್ರಕರ್ತ ಪಿ. ಸಾಯಿನಾಥ್ ದಾಖಲಿಸಿದ್ದಾರೆ. ಅವರು ಗುರುತಿಸಿರುವ ಇನ್ನೊಂದು ಸಂಗತಿ ಪ್ರಸ್ತುತ ವಿಷಯಕ್ಕೆ ಬಹು ಮುಖ್ಯ. ಲೇಡೀಸ್ ಸೈಕಲ್ಲುಗಳ ಕೊರತೆಯುಂಟಾದಾಗ ಅಲ್ಲಿನ ಸ್ತ್ರೀಯರು ಗಂಡಸರ ಸೈಕಲ್ಲುಗಳನ್ನೇ ಬಳಸಿದರು. ಮಾತ್ರವಲ್ಲ, ಅಡ್ಡಕಂಬಿಯ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದೆಂಬ ಕಾರಣಕ್ಕೆ ಕೆಲವರು ಅದನ್ನೇ ಮೆಚ್ಚಿದರು. ಸ್ತ್ರೀಯರಿಗೆ ಅಡ್ಡಿಯೆಂದು ಎಪ್ಪತ್ತು ವರ್ಷಗಳ ಅಂತರದಲ್ಲಿ ಡೆನಿಸ್ ಜಾನ್ಸನ್ನನೂ ಅವನ ನಂತರದ ತಯಾರಕರೂ ತಗ್ಗಿಸಿದ ಕಂಬಿಯೇ ಇಲ್ಲಿ ತಾಯಂದಿರಿಗೆ ಆಸನವಾಗಿ ಒದಗಿತು.

ಸರ್ಕಾರಗಳು ಬೈಸಿಕಲ್ಲನ್ನು ಶಿಕ್ಷಣಕ್ಕೆ ಜೋಡಿಸಿದ್ದು ಇದರ ಮುಂದಿನ ಹಂತ. ಬಿಹಾರವು 2006ರಲ್ಲಿ ಪ್ರೌಢಶಾಲೆಗೆ ಸೇರುವ ಬಾಲಕಿಯರಿಗೆ ಬೈಸಿಕಲ್ ಕೊಳ್ಳಲು ಹಣ ನೀಡುವ ಯೋಜನೆಯನ್ನು ಆರಂಭಿಸಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇದರಿಂದ ಆ ವಯಸ್ಸಿನ ಬಾಲಕಿಯರ ಪ್ರೌಢಶಾಲಾ ದಾಖಲಾತಿ ಶೇ. 32ರಷ್ಟು ಹೆಚ್ಚಿತು. ಶಾಲೆಯಿಂದ ದೂರವಿದ್ದ ಹಳ್ಳಿಗಳಲ್ಲಿ ಪರಿಣಾಮ ಎದ್ದು ಕಾಣುತ್ತಿತ್ತು. ಕರ್ನಾಟಕದಲ್ಲಿ 2006-07ರಲ್ಲಿ ಆರಂಭವಾದ ಉಚಿತ ಬೈಸಿಕಲ್ ಯೋಜನೆಯಡಿ ಎಂಟನೆಯ ತರಗತಿಯ ಲಕ್ಷಾಂತರ ವಿದ್ಯಾರ್ಥಿಗಳಿಗೆ ಬೈಸಿಕಲ್ಲುಗಳು ದೊರೆತವು. ಬಾಲಕರಿಗೆ ಅಡ್ಡಕಂಬಿಯುಳ್ಳದ್ದು, ಬಾಲಕಿಯರಿಗೆ ಅದಿಲ್ಲದ್ದು ಎಂಬ ಹಳೆಯ ವಿಂಗಡಣೆ ಇಲ್ಲಿಯೂ ಮುಂದುವರಿಯಿತು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಒಂದೇ ತರಗತಿಯ ಮಕ್ಕಳ ಎತ್ತರದಲ್ಲಿ ಅಪಾರ ಅಂತರವಿರುತ್ತದೆ. ಆ ಮಕ್ಕಳಿಗೆ ಕಂಬಿಯ ಆಕಾರಕ್ಕಿಂತ ಚೌಕಟ್ಟಿನ ಗಾತ್ರವೇ ಹೆಚ್ಚು ಮುಖ್ಯವೆಂಬುದನ್ನು ಈ ವಿಂಗಡಣೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ದೇಹದ ಅಳತೆ

ಉಡುಪನ್ನು ಬಿಟ್ಟು ದೇಹವನ್ನೇ ಆಧಾರವಾಗಿಟ್ಟುಕೊಂಡ ಪ್ರಯತ್ನಗಳಲ್ಲಿ ಅಮೆರಿಕದ ಇಂಜಿನಿಯರ್ ಜಾರ್ಜೀನಾ ಟೆರಿ ಅವರದು ಪ್ರಮುಖವಾದುದು. 1985ರಲ್ಲಿ ಸಂಸ್ಥೆ ಸ್ಥಾಪಿಸಿದ ಅವರು, ಕುಳ್ಳಗಿನ ಸ್ತ್ರೀಯರಿಗೆ ಹ್ಯಾಂಡಲ್ಲು ಎಟುಕುವಂತೆ ಮೇಲಿನ ಕಂಬಿಯ ಉದ್ದವನ್ನು ಕಡಿಮೆ ಮಾಡಿ, ಮುಂಗಾಲಿಯನ್ನು ಹಿಂಗಾಲಿಗಿಂತ ಚಿಕ್ಕದಾಗಿಸಿದ ಬೈಸಿಕಲ್ಲುಗಳನ್ನು ರೂಪಿಸಿದರು. 2008ರಲ್ಲಿ ತೈವಾನಿನ ಜೈಂಟ್ ಸಂಸ್ಥೆಯ ಬಾನಿ ಟು ಸ್ತ್ರೀಯರಿಗಾಗಿಯೇ 'ಲಿವ್' ಎಂಬ ಪ್ರತ್ಯೇಕ ಶಾಖೆಯನ್ನು ಆರಂಭಿಸಿದರು. ಸ್ತ್ರೀಯರ ಕಾಲು ಉದ್ದ, ಮುಂಡ ಗಿಡ್ಡ ಎಂಬ ನಂಬಿಕೆ ಈ ಕಾಲದ ವಿನ್ಯಾಸಗಳಲ್ಲಿ ವ್ಯಾಪಕವಾಗಿತ್ತು. ಆದರೆ ಅಮೆರಿಕದ ಸ್ಪೆಷಲೈಜ್ಡ್ ಸಂಸ್ಥೆ ತಾನು ಸಂಗ್ರಹಿಸಿದ ಸಾವಿರಾರು ಸವಾರರ ಅಳತೆಗಳನ್ನು ಪರಿಶೀಲಿಸಿ, ಇಬ್ಬರು ಸ್ತ್ರೀಯರ ನಡುವಣ ವ್ಯತ್ಯಾಸ ಸ್ತ್ರೀಪುರುಷರ ನಡುವಣ ವ್ಯತ್ಯಾಸಕ್ಕಿಂತ ಹೆಚ್ಚಿರಬಹುದೆಂದು 2019ರಲ್ಲಿ ಪ್ರಕಟಿಸಿ, ಲಿಂಗಾಧಾರಿತ ಚೌಕಟ್ಟುಗಳಿಂದ ಹಿಂದೆ ಸರಿಯಿತು. ಸೀಟಿನ ವಿಷಯದಲ್ಲಿ ಮಾತ್ರ ದೇಹಕ್ಕೆ ತಕ್ಕ ಭಿನ್ನತೆಯ ಅಗತ್ಯ ಉಳಿದುಕೊಂಡಿದೆ. ಇನ್ನೊಂದೆಡೆ, ಪ್ಯಾರಿಸ್ಸಿನಲ್ಲಿ 2007ರಲ್ಲಿ ಆರಂಭವಾದ 'ವೆಲಿಬ್' ಬಾಡಿಗೆ ಬೈಸಿಕಲ್ಲುಗಳು ಎಲ್ಲ ಸವಾರರಿಗೂ ತಗ್ಗು ಚೌಕಟ್ಟನ್ನೇ ಒದಗಿಸಿದವು. ಎಲ್ಲ ವಯಸ್ಸಿನವರೂ ಸುಲಭವಾಗಿ ಹತ್ತಿ ಇಳಿಯಬಹುದಾದ ಆ ಆಕಾರ ಅಲ್ಲಿ ಸ್ತ್ರೀಯರ ಗುರುತಾಗಿ ಉಳಿಯಲಿಲ್ಲ.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಕೆಲವು ಮಾತುಗಳು ಸ್ಪಷ್ಟವಾಗುತ್ತವೆ. ಸ್ತ್ರೀಯರ ಬೈಸಿಕಲ್ಲೆಂದು ಪ್ರಸಿದ್ಧವಾದ ಮಾದರಿ ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಉಡುಪಿಗೂ ಅಲ್ಲಿನ ಮರ್ಯಾದೆಯ ಕಲ್ಪನೆಗೂ ಹೊಂದಿಕೊಂಡು ಹುಟ್ಟಿದ್ದು. ದೇಹದ ನಿಜವಾದ ಅಗತ್ಯಗಳಾದ ಸೀಟಿನ ಅಗಲ, ಚೌಕಟ್ಟಿನ ಗಾತ್ರ, ಹ್ಯಾಂಡಲ್ಲಿನ ದೂರಗಳತ್ತ ಗಮನ ಹರಿದದ್ದು ಬಹಳ ತಡವಾಗಿ. ಸೀರೆಯುಟ್ಟವರಿಗೆ ತಗ್ಗು ಚೌಕಟ್ಟು ಇಂದಿಗೂ ಉಪಕಾರಿಯೇ. ಮಗುವನ್ನೋ ಮೂಟೆಯನ್ನೋ ಹೊತ್ತು ಸಾಗುವವರಿಗೆ ಅಡ್ಡಕಂಬಿಯೂ ಬೇಕಾಗಬಹುದು. ಪುದುಕೋಟೆಯ ಸ್ತ್ರೀಯರ ಆಯ್ಕೆಯನ್ನು ಯಾವ ತಯಾರಕನೂ ಮುಂದಾಗಿ ಊಹಿಸಿರಲಿಲ್ಲ. ಸಾರ್ವಜನಿಕ ಹಣದಿಂದ ಬೈಸಿಕಲ್ಲುಗಳನ್ನು ಕೊಡುವ ಯೋಜನೆಗಳು ಬಾಲಕ ಬಾಲಕಿ ಎಂಬ ಎರಡೇ ವಿಭಾಗಗಳಿಗೆ ಬದಲಾಗಿ ಹಲವು ಗಾತ್ರಗಳನ್ನೂ ಎರಡೂ ಬಗೆಯ ಚೌಕಟ್ಟುಗಳನ್ನೂ ಮುಂದಿಟ್ಟು, ಬಳಸುವವರಿಗೇ ಆರಿಸಿಕೊಳ್ಳುವ ಅವಕಾಶ ನೀಡುವುದು ಈ ಚರಿತ್ರೆಗೆ ನ್ಯಾಯ ಸಲ್ಲಿಸಿದಂತಾಗುತ್ತದೆ.