ತ್ರಿಕೋಣದ ತೋಟವೂ ಅಣ್ಣತಮ್ಮಂದಿರ ಪಾಲೂ

ಚಿತ್ರದುರ್ಗದ ಸೀಮೆಯ ಭೀಮಸಮುದ್ರವು ಕೆರೆಗೂ ಅಡಕೆಗೂ ಹೆಸರಾದ ಊರು. ಕೆರೆಯ ಕೆಳಗಿನ ನೆಲವೆಲ್ಲವೂ ಚೌಕವಾಗಿರುವುದಿಲ್ಲ. ಕಾಲುವೆಯೂ ಹಾದಿಯೂ ಕೂಡುವೆಡೆಯಲ್ಲಿ ಮುಮ್ಮೂಲೆಯ ತುಂಡುಗಳು ಉಳಿಯುವುದು ಸಹಜ. ಅಂತಹ ತೋಟವೊಂದನ್ನು ಅಣ್ಣತಮ್ಮಂದಿರಿಬ್ಬರು ಸಮನಾಗಿ ಹಂಚಿಕೊಳ್ಳಬೇಕಾಗಿದೆಯೆಂದು ಭಾವಿಸಬಹುದು. ತುದಿಯಿಂದ ಬುಡಕ್ಕೆ ನೇರವಾಗಿ 100 ಅಡಿಯಿದ್ದರೆ, 50ನೆಯ ಅಡಿಯಲ್ಲಿ ಬುಡಕ್ಕೆ ಸಮಾನಾಂತರವಾಗಿ ಬದು ಹಾಕಿದರೆ ಸಾಕೆಂದು ಮೊದಲ ನೋಟಕ್ಕೆ ತೋರುತ್ತದೆ. ಹಾಗೆ ಮಾಡಿದಲ್ಲಿ ತುದಿಯ ಪಾಲಿನವನಿಗೆ ದೊರೆಯುವುದು ಕಾಲುಭಾಗ ಮಾತ್ರ. ಮಿಕ್ಕ ಮುಕ್ಕಾಲು ಇನ್ನೊಬ್ಬನ ಪಾಲಾಗುತ್ತದೆ.

ಇದರ ಕಾರಣವು ಸುಲಭವಾಗಿ ತಿಳಿಯತಕ್ಕದ್ದು. ತುದಿಯ ಸಣ್ಣ ತ್ರಿಕೋಣವು ಇಡಿಯ ತ್ರಿಕೋಣದ ರೂಪವನ್ನೇ ತಾಳಿದೆ. ಅದರ ಎತ್ತರವು ಅರ್ಧವಾದಾಗ ಬುಡವೂ ಅರ್ಧವಾಗಿ, ಕ್ಷೇತ್ರಫಲವು ಕಾಲಾಗುತ್ತದೆ. ಸಮರೂಪವಾದ ತ್ರಿಕೋಣಗಳ ಕ್ಷೇತ್ರಫಲಗಳು ಅವುಗಳ ಭುಜಗಳ ವರ್ಗಗಳ ಪ್ರಮಾಣದಲ್ಲಿರುತ್ತವೆ.

ಈ ಅರಿವಿನ ಬೇರು ಬಹು ಹಳೆಯದು. ಯಜ್ಞವೇದಿಗಳನ್ನು ಹಗ್ಗದಿಂದ ಅಳೆದ ಶುಲ್ಬಸೂತ್ರಕಾರರು, ಅರ್ಧ ಅಳತೆಯ ಚೌಕವು ಕಾಲುಭಾಗವೆಂಬುದನ್ನು ಬಲ್ಲವರಾಗಿದ್ದರು. ಚೌಕವನ್ನು ಇಮ್ಮಡಿಸುವ ಅಳತೆಯನ್ನು ‘ದ್ವಿಕರಣಿ’ಯೆಂದು ಕರೆದರು. ಕ್ರಿಸ್ತಪೂರ್ವ 300ರ ಸುಮಾರಿನ ಯೂಕ್ಲಿಡನು ತನ್ನ ಗ್ರಂಥದ 6ನೆಯ ಭಾಗದಲ್ಲಿ ತ್ರಿಕೋಣಗಳ ವಿಷಯವಾಗಿ ಇದನ್ನೇ ಸಾಧಿಸಿ ತೋರಿಸಿದನು. ಕನ್ನಡ ನಾಡಿನಲ್ಲಿ 9ನೆಯ ಶತಮಾನದ ಮಹಾವೀರಾಚಾರ್ಯನು ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿ, ಕ್ಷೇತ್ರಗಣಿತಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮುಂತಾದವನ್ನು ಕನ್ನಡದಲ್ಲಿಯೇ ಬರೆದು, ಸಂಸ್ಕೃತವರಿಯದವರಿಗೂ ಗಣಿತದ ಬಾಗಿಲನ್ನು ತೆರೆದನು.

ಮೈಸೂರು ಸೀಮೆಯಲ್ಲಿ 1863ರಲ್ಲಿ ಕಂದಾಯದ ಮೋಜಣಿಯು ಆರಂಭವಾದ ಮೇಲೆ ಈ ಗಣಿತವು ರೈತನ ಹೊಲಕ್ಕೇ ಬಂದಿತು. 33 ಅಡಿಯ ಚೌಕವು ಒಂದು ಗುಂಟೆ; 40 ಗುಂಟೆಗೆ ಒಂದು ಎಕರೆ. 66 ಅಡಿ ಬುಡವೂ 33 ಅಡಿ ಎತ್ತರವೂ ಉಳ್ಳ ತ್ರಿಕೋಣವು ಒಂದು ಗುಂಟೆಯಾದರೆ, ಎರಡನ್ನೂ ಇಮ್ಮಡಿಸಿದಾಗ ನೆಲವು ಎರಡಲ್ಲ, ನಾಲ್ಕು ಗುಂಟೆಯಾಗುತ್ತದೆ. ಒಂದೇ ದರದ ಮಣ್ಣಾದಲ್ಲಿ ಕಂದಾಯವೂ ನಾಲ್ಮಡಿಯೇ. ಭುಜವನ್ನು ಮಾತ್ರ ನೋಡಿ ನೆಲವನ್ನು ಊಹಿಸಿದವನು ತಾನಾದರೂ ಮೋಸಹೋದಾನು, ಇತರರನ್ನಾದರೂ ಮೋಸಗೊಳಿಸಿಯಾನು.

ಹಾಗಾದರೆ ಅಣ್ಣತಮ್ಮಂದಿರ ಬದು ಎಲ್ಲಿರಬೇಕು? ತುದಿಯಿಂದ ಬುಡದ ನಡುವಿಗೆ ಗೆರೆಯೆಳೆದರೂ ಸಮಪಾಲಾಗುವುದು ನಿಜ; ಆದರೆ ಆಗ ಎರಡೂ ಪಾಲುಗಳು ಇನ್ನಷ್ಟು ಚೂಪಾಗಿ, ಅಡಕೆಯ ಸಾಲುಗಳಿಗೆ ಒಗ್ಗುವುದಿಲ್ಲ. ಬುಡಕ್ಕೆ ಸಮಾನಾಂತರವಾಗಿಯೇ ಬದು ಹಾಕಬೇಕಾದರೆ 100 ಅಡಿಯನ್ನು ಎರಡರ ವರ್ಗಮೂಲದಿಂದ ಭಾಗಿಸಬೇಕು. ತುದಿಯಿಂದ ಸುಮಾರು 70 ಅಡಿ 8½ ಅಂಗುಲ ದೂರದಲ್ಲಿ ಬದುವಿನ ಗೆರೆ ಬೀಳುತ್ತದೆ. ವೇದಿಯನ್ನು ಅಳೆದ ಹಳೆಯ ದ್ವಿಕರಣಿಯೇ ಇಲ್ಲಿ ಒಡಹುಟ್ಟಿದವರ ನಡುವೆ ನಿಂತು ನ್ಯಾಯವನ್ನು ಹೇಳುತ್ತದೆ.