ಯಲಹಂಕ

ಯಲಹಂಕವು ಬೆಂಗಳೂರು ನಗರದ ಉತ್ತರ ಭಾಗದಲ್ಲಿರುವ ಐತಿಹಾಸಿಕ ಪಟ್ಟಣ ಹಾಗೂ ತಾಲ್ಲೂಕು ಕೇಂದ್ರ. ಬೆಂಗಳೂರನ್ನು ಕಟ್ಟಿದ ನಾಡಪ್ರಭುಗಳ ಮೂಲ ರಾಜಧಾನಿ ಇದಾಗಿತ್ತು. ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳವನ್ನು ದಾಟಿ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಈ ಪಟ್ಟಣ ಸಿಗುತ್ತದೆ. ಬೆಂಗಳೂರಿಗಿಂತ ಹಳೆಯದಾದ ಈ ಊರು ಈಗ ಬೆಂಗಳೂರಿನ ಒಂದು ಬಡಾವಣೆಯೆಂದೇ ಬಹುಮಂದಿಗೆ ಪರಿಚಿತ.

ಹೆಸರು

ಚೋಳರ ಕಾಲದಲ್ಲಿ ಈ ಪ್ರದೇಶವು ‘ಇಳೈಪ್ಪಾಕ್ಕ ನಾಡು’ ಎಂದು ಕರೆಯಲ್ಪಡುತ್ತಿತ್ತು. ಹೊಯ್ಸಳರ ಕಾಲಕ್ಕೆ ಅದು ‘ಎಲಹಕ್ಕ’ ಎಂದಾಗಿ, ಮುಂದೆ ‘ಎಲವಂಕ’, ‘ಯಲಹಂಕ’ ಎಂಬ ರೂಪಗಳನ್ನು ತಳೆಯಿತು. ಆಡುಮಾತಿನಲ್ಲಿ ಇಂದಿಗೂ ‘ಎಲಂಕ’ ಎನ್ನುವವರಿದ್ದಾರೆ. ‘ನಾಡು’ ಎಂಬುದು ಇಲ್ಲಿ ಆಡಳಿತ ಘಟಕವನ್ನು ಸೂಚಿಸುವ ಪದ. ‘ಯಲಹಂಕ ನಾಡಪ್ರಭು’ ಎಂಬ ಬಿರುದನ್ನು ಈ ಅರ್ಥದಲ್ಲಿಯೇ ತಿಳಿಯಬೇಕು.

ಇತಿಹಾಸ

ಈ ಭಾಗದ ಜನವಸತಿ ನಾಡಪ್ರಭುಗಳಿಗಿಂತ ಬಹಳ ಹಿಂದಿನದು. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ದೊರೆತ ಕಿತ್ತಯ್ಯನ ವೀರಗಲ್ಲು ಕ್ರಿ.ಶ. ಸುಮಾರು 750ಕ್ಕೆ, ಅಂದರೆ ಗಂಗ ದೊರೆ ಶ್ರೀಪುರುಷನ ಕಾಲಕ್ಕೆ ಸೇರಿದೆ. ಕಾಳಗದಲ್ಲಿ ಮಡಿದ ಕಿತ್ತಯ್ಯನನ್ನು ಸ್ಮರಿಸುವ ಈ ಹಳಗನ್ನಡ ಶಾಸನದಲ್ಲಿ ‘ಪೆರ್ಬೊಳಲ್ ನಾಡು’ ಎಂಬ ಹೆಸರು ಬರುತ್ತದೆ. ಬೆಂಗಳೂರಿನ ಹೆಸರನ್ನು ಒಳಗೊಂಡ ಬೇಗೂರು ಶಾಸನಕ್ಕಿಂತ ಇದು ಒಂದು ಶತಮಾನಕ್ಕೂ ಹೆಚ್ಚು ಹಳೆಯದು. ಸ್ಥಳೀಯರು ಮತ್ತು ಇತಿಹಾಸಾಸಕ್ತರು ಮುತುವರ್ಜಿ ವಹಿಸದಿದ್ದರೆ ಈ ಕಲ್ಲು ಯಾವುದೋ ಕಟ್ಟಡದ ಅಡಿಪಾಯಕ್ಕೆ ಸೇರಿಹೋಗುತ್ತಿತ್ತು.

ವಿಜಯನಗರದ ಕಾಲದಲ್ಲಿ ಮೊರಸು ಒಕ್ಕಲಿಗ ಮನೆತನದ ಸಾಮಂತರು ಯಲಹಂಕವನ್ನು ಕೇಂದ್ರವಾಗಿಸಿಕೊಂಡು ಆಳಿದರು. ಈ ವಂಶದ ಹಿರಿಯ ಕೆಂಪೇಗೌಡನು 1537ರಲ್ಲಿ ಮಣ್ಣಿನ ಕೋಟೆಯೊಂದನ್ನು ಕಟ್ಟಿಸಿ ರಾಜಧಾನಿಯನ್ನು ಬೆಂಗಳೂರಿಗೆ ಬದಲಿಸಿದನು. ಹೊಸ ಊರಿಗೆ ‘ಬೆಂಗಳೂರು’ ಎಂಬ ಹೆಸರು ಕೊಡಿಗೇಹಳ್ಳಿಯ ಬಳಿಯ ಹಳೇಬೆಂಗಳೂರಿನಿಂದ ಬಂದಿತೆಂಬ ಪ್ರತೀತಿಯಿದೆ. ಹಾಗಾದರೆ ಮಹಾನಗರವು ತನ್ನ ದೊರೆಯನ್ನೂ ಹೆಸರನ್ನೂ ಈ ಉತ್ತರದ ನಾಡಿನಿಂದಲೇ ಪಡೆದಂತಾಯಿತು. ವಿಜಯನಗರದ ಅನುಮತಿಯಿಲ್ಲದೆ ನಾಣ್ಯ ಅಚ್ಚು ಹಾಕಿಸಿದ್ದಕ್ಕಾಗಿ ಕೆಂಪೇಗೌಡನು ಸೆರೆವಾಸವನ್ನು ಅನುಭವಿಸಿದನೆಂದು ಪರಂಪರೆ ಹೇಳುತ್ತದೆ. 1638ರಲ್ಲಿ ಬೆಂಗಳೂರು ಬಿಜಾಪುರದ ಸೇನೆಯ ವಶವಾದ ಬಳಿಕ ಮನೆತನವು ಮಾಗಡಿಯಲ್ಲಿ ನೆಲೆಸಿತು. 1728ರಲ್ಲಿ ಮಾಗಡಿಯೂ ಮೈಸೂರಿಗೆ ಸೇರಿತು. ಯಲಹಂಕ ಅಲ್ಲಿಂದಾಚೆಗೆ ಸಂತೆಯ ಊರಾಗಿ ಉಳಿಯಿತು.

ಸಂಸ್ಕೃತಿ ಮತ್ತು ಭಾಷೆ

ಯಲಹಂಕವನ್ನು ಅಚ್ಚಕನ್ನಡದ ಊರೆಂದೋ ಮಿಶ್ರ ಊರೆಂದೋ ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಗಂಗರ ಕನ್ನಡ ಶಾಸನಗಳ ಜೊತೆಗೆ ಚೋಳರ ಕಾಲದ ತಮಿಳು ಶಾಸನಗಳೂ ಈ ಸೀಮೆಯಲ್ಲಿವೆ. ಮೊರಸುನಾಡಿನ ಅನೇಕ ಮನೆಗಳಲ್ಲಿ ತೆಲುಗು ಮನೆಮಾತು, ಕನ್ನಡ ಊರಿನ ಮಾತು. ಪೇಟೆಯ ಮುಸಲ್ಮಾನರ ಮನೆಗಳಲ್ಲಿ ಉರ್ದು. ‘ಗಂಗಾಗೌರೀವಿಲಾಸ’ ಎಂಬ ತೆಲುಗು ಯಕ್ಷಗಾನ ಕೃತಿಯ ಕರ್ತೃತ್ವವನ್ನು ಕೆಂಪೇಗೌಡನಿಗೇ ಸಲ್ಲಿಸಲಾಗಿದೆ. ಬಹುಭಾಷಿಕತೆ ತಂತ್ರಾಂಶ ಉದ್ಯಮದೊಂದಿಗೆ ಬಂದದ್ದೆಂಬ ಇಂದಿನ ಭಾವನೆ ಈ ಊರಿನ ಮಟ್ಟಿಗೆ ನಿಲ್ಲುವುದಿಲ್ಲ. ಆದರೆ ಹಿಂದೆ ಬಂದ ಭಾಷೆಗಳೆಲ್ಲ ಸಂತೆಯಲ್ಲಿ ಕನ್ನಡವನ್ನು ಕಲಿತವು. ಈಗ ಬಹುಮಹಡಿ ವಸತಿ ಸಂಕೀರ್ಣಗಳ ಒಳಗೆ ಕನ್ನಡದ ಅಗತ್ಯವೇ ಬೀಳದೆ ವರ್ಷಗಳು ಕಳೆಯಬಹುದು. 2024ರಲ್ಲಿ ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು ಕಾನೂನು ತಿದ್ದುಪಡಿಯಾದ ಮೇಲೆ ಅಂಗಡಿಗಳ ಹಣೆಬರಹವೇನೋ ಬದಲಾಗಿದೆ. ಒಳಗಿನ ಮಾತು ಬದಲಾಗಿದೆ ಎನ್ನಲಾಗದು.

ಮೊರಸು ಒಕ್ಕಲಿಗರಲ್ಲಿ ‘ಬಂಡಿ ದೇವರು’ ಆಚರಣೆಯ ಸಂದರ್ಭದಲ್ಲಿ ಹೆಂಗಸರ ಎಡಗೈಯ ಕೊನೆಯ ಎರಡು ಬೆರಳುಗಳನ್ನು ಕತ್ತರಿಸುವ ಪದ್ಧತಿಯಿತ್ತು. ಅದನ್ನು ನಿಷೇಧಿಸಿದ ಕೀರ್ತಿ ಕೆಂಪೇಗೌಡನಿಗೆ ಸಲ್ಲುತ್ತದೆ. ಕೋಟೆ, ಕೆರೆ, ಗೋಪುರಗಳ ವರ್ಣನೆಯಲ್ಲಿ ಈ ಸಂಗತಿ ಹಿಂದೆ ಸರಿದುಬಿಡುತ್ತದೆ; ಶಾಲಾ ಮಕ್ಕಳಿಗೆ ಮೊದಲು ಹೇಳಬೇಕಾದದ್ದು ಇದೇ.

ಗ್ರಾಮದೇವತೆಯ ಊರಹಬ್ಬ, ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು ತರುವ ತಂಬಿಟ್ಟಿನ ಆರತಿ, ರಾಗಿಮುದ್ದೆ, ಚಳಿಗಾಲದ ಅವರೆಕಾಯಿ ಮತ್ತು ಹಿತಕಿದ ಬೇಳೆಯ ಸಾರು ಇಲ್ಲಿನ ಬದುಕಿನ ಭಾಗಗಳು. ಸುತ್ತಲಿನ ಹೊಲಗಳಲ್ಲಿ ರಾಗಿಯಲ್ಲದೆ ‘ಬೆಂಗಳೂರು ನೀಲಿ’ ದ್ರಾಕ್ಷಿಯನ್ನು ಬೆಳೆಯುತ್ತಿದ್ದರು. ಈ ತಳಿಗೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಮಾನ್ಯತೆ ಬರುವ ವೇಳೆಗೆ ಯಲಹಂಕದ ಆಸುಪಾಸಿನ ಅನೇಕ ತೋಟಗಳು ನಿವೇಶನಗಳಾಗಿದ್ದವು. ರೈತಾಪಿ ನೆನಪು ದೊಡ್ಡ ಪ್ರಮಾಣದಲ್ಲಿ ಉಳಿದಿರುವುದು ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ. ಇದು 1964ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾನಿಲಯದ ಕೇಂದ್ರಸ್ಥಾನ. ಇಲ್ಲಿನ ಕೃಷಿಮೇಳಕ್ಕೆ ದೂರದ ಜಿಲ್ಲೆಗಳಿಂದಲೂ ರೈತರು ಬರುತ್ತಾರೆ.

ಆಧುನಿಕ ಯಲಹಂಕ

ಊರಿನ ಚಹರೆ ಬದಲಾದದ್ದು ಕೇಂದ್ರ ಸರ್ಕಾರದ ಸಂಸ್ಥೆಗಳಿಂದ. 1963ರಲ್ಲಿ ವಾಯುಪಡೆ ನೆಲೆ ಸ್ಥಾಪನೆಯಾಯಿತು. 1996ರಿಂದ ಇಲ್ಲಿ ‘ಏರೋ ಇಂಡಿಯಾ’ ವೈಮಾನಿಕ ಪ್ರದರ್ಶನ ನಡೆಯುತ್ತಿದೆ. ರೈಲ್ವೆಯ ಗಾಲಿ ಮತ್ತು ಅಚ್ಚು ಕಾರ್ಖಾನೆ 1984ರಲ್ಲಿ ಆರಂಭವಾಯಿತು. ಗೃಹ ಮಂಡಳಿಯು ನಿರ್ಮಿಸಿದ ಯಲಹಂಕ ಉಪನಗರದಿಂದಾಗಿ ಊರು ಎರಡಾಯಿತು: ಇಕ್ಕಟ್ಟಾದ ಬೀದಿಗಳ ಹಳೇ ಊರು, ನೇರ ರಸ್ತೆಗಳ ಹೊಸ ಊರು. ಹಳೇ ಊರಿನ ಸಂತೆ ಸರ್ಕಲ್ ತನ್ನ ಹೆಸರಿನಲ್ಲೇ ಹಿಂದಿನ ಕಸುಬನ್ನು ಹೇಳುತ್ತದೆ.

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದದ್ದು ಎಲ್ಲಕ್ಕಿಂತ ದೊಡ್ಡ ತಿರುವು. ಅದರ ಹಿಂದಿನ ವರ್ಷವೇ ಯಲಹಂಕ ನಗರಸಭೆಯು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನಗೊಂಡಿತ್ತು. ಬೆಂಗಳೂರಿಗೆ ದೊರೆಯನ್ನು ಕೊಟ್ಟ ಊರು ಹೀಗೆ ಬೆಂಗಳೂರಿನ ವಾರ್ಡುಗಳಲ್ಲಿ ಸೇರಿತು. 2025ರಲ್ಲಿ ಪಾಲಿಕೆಯನ್ನು ಐದಾಗಿ ವಿಂಗಡಿಸಿದಾಗ ಯಲಹಂಕವು ಬೆಂಗಳೂರು ಉತ್ತರ ನಗರ ಪಾಲಿಕೆಯ ಭಾಗವಾಯಿತು. ಊರಿನ ಹೆಸರಿನ ಜಾಗದಲ್ಲಿ ದಿಕ್ಕಿನ ಹೆಸರು ಬಂದಿತು. ಕೋಗಿಲು, ಅಟ್ಟೂರು, ಜಕ್ಕೂರು, ಅಳ್ಳಾಳಸಂದ್ರ, ಸಿಂಗಾಪುರ ಮುಂತಾದ ಹಳ್ಳಿಗಳದೂ ಇದೇ ಕಥೆ. ಸಿಂಗಾಪುರವಂತೂ ತನ್ನ ವಿಳಾಸ ಹೇಳುವಾಗಲೆಲ್ಲ ದೇಶವಲ್ಲ, ಊರು ಎಂದು ಸೇರಿಸಬೇಕಾಗಿದೆ. ಇನ್ನೊಂದೆಡೆ, ಯಲಹಂಕದ ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆ ಬಂದು, ದೂರದ ಬಡಾವಣೆಗಳೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತಿವೆ.

2022ರ ನವೆಂಬರಿನಲ್ಲಿ ವಿಮಾನ ನಿಲ್ದಾಣದ ಆವರಣದಲ್ಲಿ ಕೆಂಪೇಗೌಡನ 108 ಅಡಿ ಎತ್ತರದ ಪ್ರತಿಮೆ ಅನಾವರಣಗೊಂಡಿತು. ಅದನ್ನು ಕಾಣಲು ಹೋಗುವವರಲ್ಲಿ ಬಹುಪಾಲು ಜನ ಆತನ ತವರನ್ನು ಮೇಲ್ಸೇತುವೆಯ ಮೇಲಿಂದ ದಾಟಿಹೋಗುತ್ತಾರೆ.

ಕೆರೆಗಳು

ನದಿಯಿಲ್ಲದ ಈ ಎತ್ತರದ ಭೂಮಿಯಲ್ಲಿ ಊರುಗಳು ಕೆರೆಗಳನ್ನು ಆಧರಿಸಿ ಬೆಳೆದವು. ಒಂದು ಕೆರೆ ತುಂಬಿದರೆ ಅದರ ಕೋಡಿಯ ನೀರು ರಾಜಕಾಲುವೆಯ ಮೂಲಕ ಕೆಳಗಿನ ಕೆರೆಯನ್ನು ಸೇರುವುದು ಹಳೆಯ ವ್ಯವಸ್ಥೆ. ಕಾಲುವೆಯ ಪಾತ್ರ ಕಿರಿದಾದಲ್ಲಿ ನೀರು ಮನೆಗಳಿಗೆ ನುಗ್ಗುತ್ತದೆ. 2021ರ ನವೆಂಬರಿನಲ್ಲಿಯೂ 2024ರ ಅಕ್ಟೋಬರಿನಲ್ಲಿಯೂ ಯಲಹಂಕ ಕೆರೆ ಉಕ್ಕಿ ಕೇಂದ್ರೀಯ ವಿಹಾರ ವಸತಿ ಸಂಕೀರ್ಣ ಜಲಾವೃತವಾಯಿತು. ನಿವಾಸಿಗಳನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಉಪನಗರಕ್ಕೆ ಹೊಂದಿಕೊಂಡ ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಚಳಿಗಾಲದಲ್ಲಿ ಇಲ್ಲಿಗೆ ವಲಸೆ ಹಕ್ಕಿಗಳು ಬರುತ್ತವೆ.